ನ್ಯೂಜಿಲೆಂಡಿನ ಗೃಹಪಾಕವೂ ದ್ರಾಕ್ಷಾರಸವೂ

ನ್ಯೂಜಿಲೆಂಡಿನ ಮನೆಯಡಿಗೆಯ ಚರಿತ್ರೆಯನ್ನು ಅರಿಯಬಯಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದುದು, ಕ್ರೈಸ್ಟ್‌ಚರ್ಚಿನ ದಿನಸಿ ವ್ಯಾಪಾರಿ ಥಾಮಸ್ ಎಡ್ಮಂಡ್ಸ್ ತಾನು 1879ರಿಂದ ತಯಾರಿಸಿ ಮಾರುತ್ತಿದ್ದ ಬೇಕಿಂಗ್ ಪೌಡರಿನ ಪ್ರಚಾರಕ್ಕೆಂದು 1908ರಲ್ಲಿ ಅಚ್ಚು ಹಾಕಿಸಿದ ಕಿರುಹೊತ್ತಗೆಯನ್ನು. ಸ್ಕೋನು, ಕೇಕು, ಬಿಸ್ಕತ್ತುಗಳ ಪಾಕಕ್ರಮವನ್ನು ಸರಳವಾಗಿ ನಿರೂಪಿಸಿದ ಆ ಪುಸ್ತಕವು, ಪುಟಗಳಿಗಂಟಿದ ಬೆಣ್ಣೆಯ ಕಲೆಗಳೊಡನೆಯೇ ತಾಯಿಯಿಂದ ಮಗಳಿಗೆ ಸಾಗುತ್ತ, ಪರಿಷ್ಕಾರಗಳನ್ನು ಪಡೆಯುತ್ತ, ಲಕ್ಷಾಂತರ ಪ್ರತಿಗಳಲ್ಲಿ ದೇಶವನ್ನು ವ್ಯಾಪಿಸಿತು. ವಾಣಿಜ್ಯದ ಉದ್ದೇಶದಿಂದ ಜನಿಸಿದ ಕೃತಿಯೊಂದು ಕೌಟುಂಬಿಕ ಸ್ಮೃತಿಯಾಗಿ ಪರಿಣಮಿಸಿದುದಕ್ಕೆ ಇದಕ್ಕಿಂತ ಉಜ್ಜ್ವಲವಾದ ನಿದರ್ಶನವನ್ನು ನಾನರಿಯೆ.

ದ್ರಾಕ್ಷಾರಸದ ಭಾಗ್ಯವಾದರೋ ಅಷ್ಟು ಸುಗಮವಾಗಿರಲಿಲ್ಲ. ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡೆನ್ 1819ರಲ್ಲಿಯೇ ಕೆರಿಕೆರಿಯಲ್ಲಿ ಬಳ್ಳಿಗಳನ್ನು ನೆಟ್ಟನು. 1851ರಲ್ಲಿ ಫ್ರೆಂಚ್ ಮಿಷನರಿಗಳು ಹಾಕ್ಸ್ ಬೇ ಪ್ರಾಂತದಲ್ಲಿ ತೋಟವನ್ನೆಬ್ಬಿಸಿದರು. ಆದರೆ ಮದ್ಯವಿರೋಧಿ ಆಂದೋಲನವು ಪ್ರಬಲವಾಗಿದ್ದ ಆ ನಾಡಿನಲ್ಲಿ 1917ರಿಂದ 1967ರವರೆಗೆ ಪಾನಗೃಹಗಳು ಸಂಜೆ ಆರು ಗಂಟೆಗೇ ಬಾಗಿಲು ಮುಚ್ಚುತ್ತಿದ್ದುವು. ಊಟದೊಡನೆ ವೈನ್ ಬಡಿಸಲು ಉಪಾಹಾರಗೃಹಗಳಿಗೆ ಪರವಾನಗಿ ದೊರೆಯತೊಡಗಿದುದು 1960ರ ದಶಕದಲ್ಲಿ. ಆ ಶುಷ್ಕಕಾಲದಲ್ಲಿ ದ್ರಾಕ್ಷಾರಸ ತಯಾರಿಸುವ ವಿದ್ಯೆಯನ್ನು ಜೀವಂತವಾಗಿ ಕಾಪಾಡಿದವರಲ್ಲಿ, ಆಕ್ಲೆಂಡಿನ ಪಶ್ಚಿಮಕ್ಕೆ ನೆಲೆಸಿದ ಡಾಲ್ಮೇಶಿಯದ ವಲಸೆ ಕುಟುಂಬಗಳು ಅಗ್ರಗಣ್ಯವಾದುವು. ಅವರ ಋಣ ದೊಡ್ಡದು. ಕುರಿಗಳು ಮೇಯುತ್ತಿದ್ದ ಮಾರ್ಲ್‌ಬರೋ ಬಯಲಿನಲ್ಲಿ 1973ರಿಂದ ದ್ರಾಕ್ಷೆಯ ವಿಶಾಲ ತೋಟಗಳು ತಲೆಯೆತ್ತಿ, ಅಲ್ಲಿಯ ಸಾವಿನ್ಯೋಂ ಬ್ಲಾಂಕ್ ಎಂಬ ಬಿಳಿ ವೈನ್ ಲೋಕವಿಖ್ಯಾತವಾಯಿತು.