ಆರು ಕೇಬಲ್ ಅಂತರ

ಒಂದು ದಿನ ತರಗತಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದದ ಇಸವಿಯನ್ನು ಕಪ್ಪುಹಲಗೆಯ ಮೇಲೆ 1799 ಎಂದು ಬರೆದುಬಿಟ್ಟೆ. 1792 ಆಗಬೇಕಿತ್ತು, ಟಿಪ್ಪು ಮಡಿದ ವರ್ಷ ಕೈಗೆ ಬಂದಿತ್ತು. ಮಕ್ಕಳೆಲ್ಲ ತಲೆ ಬಗ್ಗಿಸಿ ಹಾಗೆಯೇ ಬರೆದುಕೊಂಡರು. ಮರುದಿನ ನೋಟ್ಸು ತಿದ್ದುವಾಗ ನನ್ನ ತಪ್ಪು ಕಣ್ಣಿಗೆ ಬಿತ್ತು. ಒಬ್ಬ ಹುಡುಗಿ ಮಾತ್ರ ಮೊದಲು 1792 ಎಂದು ಬರೆದು, ಅದನ್ನು ಹೊಡೆದುಹಾಕಿ, 1799 ಮಾಡಿದ್ದಳು. “ಗೊತ್ತಿದ್ದೂ ಯಾಕೆ ಹೇಳಲಿಲ್ಲ?” ಎಂದೆ. “ನೀವು ಬರೆದಿದ್ರಲ್ಲ ಮಿಸ್, ಏನೋ ಕಾರಣ ಇರಬೇಕು ಅಂದ್ಕೊಂಡೆ” ಎಂದಳು.

ಆಗ ನನಗೆ ನೆನಪಾದವನು ವೈಸ್ ಅಡ್ಮಿರಲ್ ಸರ್ ಜಾರ್ಜ್ ಟ್ರಯಾನ್.

ಟ್ರಯಾನ್ ಬ್ರಿಟನ್ನಿನ ಮೆಡಿಟರೇನಿಯನ್ ನೌಕಾಪಡೆಯ ಮುಖ್ಯಸ್ಥ. ಆ ಕಾಲದ ಬಹು ಬುದ್ಧಿವಂತ ನಾವಿಕರಲ್ಲಿ ಒಬ್ಬ. ಯುದ್ಧದ ಹೊಗೆಯಲ್ಲಿ ಸಂಕೇತದ ಬಾವುಟಗಳನ್ನು ಕಾಯುತ್ತ ಕೂರಬಾರದು, ಪ್ರತಿ ಕಪ್ತಾನನೂ ಸ್ವಂತ ಬುದ್ಧಿ ಉಪಯೋಗಿಸಬೇಕು ಎಂದು ವಾದಿಸಿದವನು. ಆದರೆ ಅವನ ಗತ್ತು ಎಂಥದೆಂದರೆ ಎದುರು ನಿಂತು ಮಾತನಾಡಲು ಅಧಿಕಾರಿಗಳು ಹೆದರುತ್ತಿದ್ದರು.

1893ರ ಜೂನ್ 22. ಇಂದಿನ ಲೆಬನಾನಿನ ಟ್ರಿಪೋಲಿಯ ಎದುರು ಹಡಗುಗಳು ಎರಡು ಸಾಲುಗಳಲ್ಲಿ ಸಾಗುತ್ತಿದ್ದವು. ಒಂದರ ಮುಂದೆ ಟ್ರಯಾನ್ ಇದ್ದ ‘ವಿಕ್ಟೋರಿಯಾ’, ಇನ್ನೊಂದರ ಮುಂದೆ ರಿಯರ್ ಅಡ್ಮಿರಲ್ ಮಾರ್ಕ್‌ಹ್ಯಾಮನ ‘ಕ್ಯಾಂಪರ್‌ಡೌನ್’. ಎರಡೂ ಸಾಲುಗಳು ಒಳಮುಖವಾಗಿ ತಿರುಗಿ ಬಂದ ದಾರಿಯಲ್ಲೇ ಹಿಂದಿರುಗಬೇಕು ಎಂಬುದು ಟ್ರಯಾನನ ಯೋಜನೆ. ಸಾಲುಗಳ ನಡುವೆ ಆರು ಕೇಬಲ್, ಎಂದರೆ ಸುಮಾರು 1,200 ಗಜ ಅಂತರ. ಒಂದೊಂದು ಹಡಗು ತಿರುಗಲೂ ಸುಮಾರು 800 ಗಜ ಬೇಕು. ನಮ್ಮ ಮಕ್ಕಳೂ ಮಾಡಬಲ್ಲ ಲೆಕ್ಕ ಇದು.

ಎಂಟಾದರೂ ಬೇಕೆಂದು ಒಬ್ಬ ಅಧಿಕಾರಿ ಹೇಳಿದ. ಟ್ರಯಾನ್ ಮೊದಲು ಒಪ್ಪಿ, ಆಮೇಲೆ ಆರು ಎಂದೇ ಸಂಕೇತ ಕೊಡಿಸಿದ. ಮತ್ತೆ ಕೇಳಿ ಕಳಿಸಿದರೆ, ಆರೇ ಇರಲಿ ಎಂದ. ಮಾರ್ಕ್‌ಹ್ಯಾಮನಿಗೆ ಆಜ್ಞೆ ಅರ್ಥವಾಗದೆ ತಡೆದ. ‘ಏನು ಕಾಯುತ್ತಿದ್ದೀಯೆ?’ ಎಂಬ ಸಂಕೇತ ಇಡೀ ಪಡೆ ನೋಡುವಂತೆ ಬಂತು. ಸಾಹೇಬರು ಏನೋ ಯೋಚಿಸಿರಬೇಕು ಎಂದುಕೊಂಡು ಆತನೂ ತಿರುಗಿದ. ‘ವಿಕ್ಟೋರಿಯಾ’ದ ಕಪ್ತಾನ ಬೋರ್ಕ್ ಎಂಜಿನ್ ಹಿಂದಕ್ಕೆ ನಡೆಸಲು ಮತ್ತೆ ಮತ್ತೆ ಅನುಮತಿ ಕೇಳುತ್ತ ನಿಂತಿದ್ದ. ಅನುಮತಿ ಸಿಗುವಷ್ಟರಲ್ಲಿ ಹೊತ್ತು ಮೀರಿತ್ತು.

ತಿಳಿಯಾದ ಹಗಲು, ಶಾಂತ ಸಮುದ್ರ. ‘ಕ್ಯಾಂಪರ್‌ಡೌನ್’ ತನ್ನ ಮೂತಿಯಿಂದ ‘ವಿಕ್ಟೋರಿಯಾ’ವನ್ನು ಸೀಳಿತು. ಕಾಲು ಗಂಟೆಯೊಳಗೆ ಹಡಗು ಮುಳುಗಿ 358 ಜನ ಸತ್ತರು. ತಪ್ಪೆಲ್ಲ ನನ್ನದೇ ಎಂದು ಟ್ರಯಾನ್ ಹೇಳಿದ್ದನ್ನು ಹತ್ತಿರವಿದ್ದವರು ಕೇಳಿಸಿಕೊಂಡರು. ಅವನೂ ಬದುಕಲಿಲ್ಲ.

ಮಾಲ್ಟಾದಲ್ಲಿ ನಡೆದ ಸೇನಾ ನ್ಯಾಯಾಲಯ ಬೋರ್ಕನನ್ನು ನಿರ್ದೋಷಿ ಎಂದಿತು. ಮಾರ್ಕ್‌ಹ್ಯಾಮ್ ತನ್ನ ಸಂದೇಹವನ್ನು ತಿಳಿಸಲಿಲ್ಲವಲ್ಲ ಎಂದು ವಿಷಾದಿಸಿತು; ಆದರೆ ಎದುರಿಗೇ ಇದ್ದ ಮೇಲಧಿಕಾರಿಯ ಆಜ್ಞೆ ಪಾಲಿಸಿದ್ದಕ್ಕೆ ದೂರುವುದು ಸೇವೆಗೆ ಹಿತವಲ್ಲ ಎಂದೂ ಹೇಳಿತು. ಆಜ್ಞೆ ಪಾಲಿಸದ ಸೈನ್ಯ ಉಳಿಯುವುದಿಲ್ಲ ನಿಜ. ಕೇಳಲು ಬಾಯಿಲ್ಲದ ಸೈನ್ಯದ ಗತಿ?

ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಹೆಮ್ಮೆಪಟ್ಟವಳು ನಾನು. ಈಗ ಹಲಗೆಯ ಮೇಲೆ ಬರೆದಾದ ಮೇಲೆ ತಿರುಗಿ, “ಸರಿಯಿದೆಯೇನ್ರೋ?” ಎಂದು ಕೇಳುತ್ತೇನೆ. ಮೊದಮೊದಲು ಯಾರೂ ಉತ್ತರಿಸುತ್ತಿರಲಿಲ್ಲ. ಸ್ವಂತ ಬುದ್ಧಿ ಉಪಯೋಗಿಸಿ ಎಂದು ಟ್ರಯಾನನೂ ಹೇಳಿದ್ದ. ಹೇಳಿದರಷ್ಟೇ ಸಾಲದು, ಮೊದಲು ಕೈಯೆತ್ತಿದವನಿಗೆ ಏನಾಯಿತು ಎಂಬುದನ್ನು ಉಳಿದವರು ನೋಡುತ್ತಿರುತ್ತಾರೆ.