ಸಂಶೋಧನಾ ವೆಚ್ಚದ ಲೆಕ್ಕ: ರಾಮನಗರ ಸೀಮೆಯ ರೇಷ್ಮೆಯ ನಿದರ್ಶನ

ದೇಶವೊಂದು ಸಂಶೋಧನೆ ಮತ್ತು ಅಭಿವೃದ್ಧಿಗೆ ಮಾಡುವ ಖರ್ಚನ್ನು ವರ್ಷವರ್ಷ ಹೋಲಿಸಲು ಬರುವಂತೆ ಎಣಿಸುವ ಕ್ರಮ. ಸಂಶೋಧನೆ ಈ ಲೆಕ್ಕಕ್ಕಿಂತ ಹಳೆಯದು. ಮೈಸೂರು ಸಂಸ್ಥಾನ 1910ರ ದಶಕದಲ್ಲೇ ಚನ್ನಪಟ್ಟಣದಲ್ಲಿ ಸರ್ಕಾರಿ ರೇಷ್ಮೆ ಫಾರಂ ತೆರೆದು, ಇಟಲಿಯ ತಜ್ಞರ ನೆರವಿನಿಂದ ತಳಿ ಸುಧಾರಣೆಗೆ ಕೈಹಾಕಿತ್ತು. ಅಂಥ ಖರ್ಚನ್ನು ಬೇರೆಯಾಗಿ ಎಣಿಸುವ ರಾಷ್ಟ್ರೀಯ ಪದ್ಧತಿ ಆಗ ಇರಲಿಲ್ಲ.

1963ರಲ್ಲಿ ಇಟಲಿಯ ಫ್ರಸ್ಕಾಟಿಯಲ್ಲಿ ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ) ತಜ್ಞರು ಸೇರಿ ಇಂಥ ಖರ್ಚನ್ನು ಎಣಿಸುವ ಕೈಪಿಡಿಯೊಂದನ್ನು ಒಪ್ಪಿದರು. ಕರಡು ಬರೆದವರು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೀಮನ್. ಏಳನೆಯ ಆವೃತ್ತಿ 2015ರದು. ಹೊಸ ಜ್ಞಾನಕ್ಕಾಗಿ ಕ್ರಮಬದ್ಧವಾಗಿ ನಡೆಯುವ ಕೆಲಸ ಮಾತ್ರ ಸಂಶೋಧನೆ ಎಂಬುದು ಅದರ ತಿರುಳು. ಅದರಂತೆ ಹೊಸ ದ್ವಿತಳಿ ರೇಷ್ಮೆ ಹುಳುವನ್ನು ರೂಪಿಸುವುದು ಲೆಕ್ಕಕ್ಕೆ ಬರುತ್ತದೆ. ಅದೇ ತಳಿಯ ಮೊಟ್ಟೆ ಹಂಚುವುದು, ಮಾಗಡಿಯ ರೈತರಿಗೆ ಚಾಕಿ (ಎಳೆ ಹುಳು) ಸಾಕಣೆಯ ತರಬೇತಿ ಕೊಡುವುದು, ರಾಮನಗರದ ಗೂಡು ಮಾರುಕಟ್ಟೆ ನಡೆಸುವುದು ಬರುವುದಿಲ್ಲ. ಒಂದೇ ಇಲಾಖೆ ಎರಡನ್ನೂ ಮಾಡುವಾಗ ಗೆರೆ ಎಳೆಯುವುದೇ ಕಷ್ಟ. ಒಂದು ವರ್ಷ ತರಬೇತಿಯನ್ನು ಸೇರಿಸಿ, ಮರುವರ್ಷ ಬಿಟ್ಟರೆ, ಪ್ರಯೋಗಾಲಯದಲ್ಲಿ ಏನೂ ಬದಲಾಗದಿದ್ದರೂ ಸಂಶೋಧನೆ ಕುಸಿದಂತೆ ತೋರುತ್ತದೆ. ಯಾರ ಖಾತೆ ಎಂಬುದೂ ಮುಖ್ಯ: ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಖರ್ಚು ಕೇಂದ್ರದ್ದು, ಕನಕಪುರ ರಸ್ತೆಯ ತಲಘಟ್ಟಪುರದ ರೇಷ್ಮೆ ಸಂಶೋಧನಾ ಸಂಸ್ಥೆಯದು ರಾಜ್ಯದ್ದು. ಕೇಂದ್ರ ಕೊಟ್ಟ ಅನುದಾನವನ್ನು ಕೊಟ್ಟವರೂ ಖರ್ಚು ಮಾಡಿದವರೂ ಬರೆದರೆ ಒಂದೇ ಹಣ ಎರಡು ಸಲ ಸೇರುತ್ತದೆ. ಆದ್ದರಿಂದ ಕೈಪಿಡಿ, ಕೆಲಸ ನಡೆಸಿದ ಸಂಸ್ಥೆಯ ವರದಿಯನ್ನೇ ಆಧಾರವಾಗಿ ಹಿಡಿಯುತ್ತದೆ.

ಭಾರತದಲ್ಲಿ 1971ರಲ್ಲಿ ಹುಟ್ಟಿದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸಮೀಕ್ಷೆಗಳ ಮೂಲಕ ಈ ಅಂಕಿಅಂಶ ಪ್ರಕಟಿಸುತ್ತದೆ. ಒಟ್ಟು ವೆಚ್ಚ 2010-11ರಲ್ಲಿ 60,196.75 ಕೋಟಿ ರೂಪಾಯಿ, 2020-21ರಲ್ಲಿ 1,27,380.96 ಕೋಟಿ. ದುಪ್ಪಟ್ಟಾಯಿತೆಂದು ಹಿಗ್ಗುವ ಮುನ್ನ ಬೆಲೆ ಏರಿಕೆಯನ್ನು ಕಳೆಯಬೇಕು. ಅದೇ ಅವಧಿಯಲ್ಲಿ ಒಟ್ಟು ದೇಶೀಯ ಉತ್ಪನ್ನ ಇನ್ನೂ ವೇಗವಾಗಿ ಬೆಳೆದುದರಿಂದ ಅದರಲ್ಲಿ ಸಂಶೋಧನೆಯ ಪಾಲು ತಗ್ಗಿ ಶೇಕಡ 0.64ಕ್ಕೆ ಬಂತು. ಉತ್ಪನ್ನದ ಆಧಾರ ವರ್ಷ 2015ರಲ್ಲಿ 2011-12ಕ್ಕೆ ಬದಲಾದದ್ದರಿಂದ ಹಳೆಯ ಶೇಕಡಾವಾರುಗಳನ್ನು ಹೊಸವುಗಳ ಪಕ್ಕದಲ್ಲಿ ನೇರವಾಗಿ ಇಡಲಾಗದು.

ಜಿಲ್ಲಾವಾರು ಲೆಕ್ಕಕ್ಕೆ ಹೊರಟರೆ ಗಡಿಗಳೂ ನಿಲ್ಲುವುದಿಲ್ಲ. ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಈ ನಾಲ್ಕು ತಾಲ್ಲೂಕುಗಳು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿ, ನಂತರ ಬೆಂಗಳೂರು ಗ್ರಾಮಾಂತರದಲ್ಲಿ, 2007ರಿಂದ ರಾಮನಗರ ಜಿಲ್ಲೆಯಲ್ಲಿದ್ದವು. 2025ರಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣವಾಯಿತು. ವ್ಯಾಖ್ಯೆ, ಬೆಲೆ, ಗಡಿ ಈ ಮೂರೂ ಬದಲಾದ ವರ್ಷಗಳನ್ನು ಕೋಷ್ಟಕದಲ್ಲೇ ಗುರುತಿಸದ ಸರಣಿಯನ್ನು ನೀತಿಗೆ ಆಧಾರವಾಗಿ ಬಳಸಬಾರದು.