ಚಂದಗುಳಿ: ಗಂಟೆ ಗಣಪತಿ, ತೋಟದ ಊಟ, ಸುತ್ತಲಿನ ತಿರುಗಾಟ

ಚಂದಗುಳಿ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ ತಾಲೂಕಿನ ಹಳ್ಳಿ. ಘಟ್ಟದ ಮೇಲಿನ ಉಳಿದ ಹಳ್ಳಿಗಳಂತೆ ಇಲ್ಲಿಯೂ ಮನೆಗಳು ಸಾಲುಗಟ್ಟಿ ನಿಂತಿಲ್ಲ. ಕಣಿವೆಯಲ್ಲಿ ಅಡಿಕೆ ತೋಟ, ತೋಟದ ಮೇಲ್ಬದಿಗೆ ಒಂದೋ ಎರಡೋ ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಹೀಗೆ ಚದುರಿ ಬಿದ್ದ ಮನೆಗಳೆಲ್ಲ ಸೇರಿ ಊರು. ಹೊರಗಿನವರಿಗೆ ಈ ಊರು ಗೊತ್ತಿರುವುದು ಸಿದ್ಧಿವಿನಾಯಕ ದೇವಸ್ಥಾನದಿಂದ. ಜನರ ಬಾಯಲ್ಲಿ ಅವನು ಗಂಟೆ ಗಣಪತಿ.

ಹೆಸರಿಗೆ ಕಾರಣ ಇಲ್ಲಿನ ಹರಕೆ. ಮದುವೆ, ಸಂತಾನ, ನೌಕರಿ, ಕೋರ್ಟು ವ್ಯಾಜ್ಯ, ಕಾಯಿಲೆ ಯಾವುದೇ ಇರಲಿ, ಬಂದು ಬೇಡಿಕೊಂಡವರು ಕೆಲಸ ಕೈಗೂಡಿದ ಮೇಲೆ ಒಂದು ಗಂಟೆ ತಂದು ಒಪ್ಪಿಸುತ್ತಾರೆ. ಬೆರಳುದ್ದದ ಕಿರುಗಂಟೆಯಿಂದ ಹಿಡಿದು ಎತ್ತಲು ಇಬ್ಬರು ಬೇಕಾಗುವ ಗಂಟೆಗಳವರೆಗೆ ಇಲ್ಲಿ ಸಾಲುಸಾಲಾಗಿ ತೂಗುತ್ತವೆ. ಒಟ್ಟು ಲೆಕ್ಕ ಸಾವಿರಗಳಲ್ಲಿ. ಬೇಡಿಕೊಳ್ಳಲು ಒಬ್ಬರು ಬಂದರೂ ಸಾಕು, ಗಂಟೆ ಕಟ್ಟಲು ಮಾತ್ರ ಮನೆಮಂದಿಯೆಲ್ಲ ಬರುತ್ತಾರೆ. ಮದುಮಕ್ಕಳು, ತೊಟ್ಟಿಲ ಕೂಸು, ಊರುಗೋಲು ಹಿಡಿದ ಅಜ್ಜಿ ಒಂದೇ ವ್ಯಾನಿನಲ್ಲಿ ಇಳಿಯುವುದು ಇಲ್ಲಿ ಮಾಮೂಲು. ಘಟ್ಟದ ಮೇಲಿನ ಸಂಸಾರಗಳ ತಿರುಗಾಟ ಹೆಚ್ಚಾಗಿ ಹೀಗೆ ಹರಕೆಯ ನೆವದಿಂದಲೇ ಹೊರಡುತ್ತದೆ. ಪೂಜೆ ಮುಗಿದು ಪಂಚಕಜ್ಜಾಯ ಕೈಗೆ ಬಂದ ಮೇಲೆ ಜಲಪಾತ, ಗುಡ್ಡ, ಕೆರೆ. ನಡುವೆ ಎಲ್ಲೋ ಊಟ.

ಈ ಸೀಮೆಗೆ ಹೊರಗಿನ ಜನರ ಓಡಾಟ ಹೊಸತಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರದ ಬಂದರಿಗೆ ಇಳಿಸಬೇಕೆಂಬ ವರ್ತಕರ ಒತ್ತಾಯ ಅದರ ಹಿಂದಿತ್ತು. ಹುಬ್ಬಳ್ಳಿ ಕಡೆಯಿಂದ ಬಂದ ಗಾಡಿಗಳು ಯಲ್ಲಾಪುರದಲ್ಲಿ ತಂಗಿ ಅರಬೈಲು ಘಟ್ಟ ಇಳಿಯುತ್ತಿದ್ದವು. ಅಂದಿನ ಗಾಡಿದಾರಿಯೇ ಇಂದು ಹುಬ್ಬಳ್ಳಿ–ಅಂಕೋಲಾ ರಾಷ್ಟ್ರೀಯ ಹೆದ್ದಾರಿ. ಹತ್ತಿಯ ಗಾಡಿಗಳ ಜಾಗದಲ್ಲಿ ಈಗ ಲಾರಿಗಳು ಸಾಲುಗಟ್ಟಿವೆ, ಯಲ್ಲಾಪುರ ಈಗಲೂ ನಿಂತು ಚಹಾ ಕುಡಿದು ಮುಂದೆ ಹೋಗುವ ಊರೇ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನೂರು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲ ಮುಂಬಯಿಯ ಆಡಳಿತದಲ್ಲಿದ್ದುದರ ಗುರುತು ಇಲ್ಲಿನ ಕಾಗದಪತ್ರಗಳಲ್ಲಷ್ಟೇ ಅಲ್ಲ, ಪೇಟೆಯ ಹೋಟೆಲುಗಳ ಉಸಳಿ, ಮಿಸಳ್, ಪಾವ್‌ಗಳಲ್ಲೂ ಉಳಿದಿದೆ.

ಊರಿನ ಅಡುಗೆಯನ್ನು ತಿಳಿಯಬೇಕಾದರೆ ಮೊದಲು ತೋಟ ಮತ್ತು ಬೆಟ್ಟದ ಸಂಬಂಧ ತಿಳಿಯಬೇಕು. ಅಡಿಕೆ ಮರಕ್ಕೆ ವರ್ಷವರ್ಷವೂ ಸೊಪ್ಪು, ಗೊಬ್ಬರ ಬೇಕು. ಅದಕ್ಕಾಗಿ ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟವನ್ನು ಬಳಸುವ ಸವಲತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೋಟಿಗರಿಗೆ ದೊರೆಯಿತು. ಬೆಟ್ಟದಿಂದ ಬರುವುದು ಸೊಪ್ಪು ಮಾತ್ರವಲ್ಲ. ಮುರುಗಲು, ಉಪ್ಪಾಗೆ, ವಾಟೆ, ಅಪ್ಪೆಮಾವು, ಕಾಡುಹಲಸು ಎಲ್ಲ ಅಲ್ಲಿಯವೇ. ತೋಟದಲ್ಲಿ ಅಡಿಕೆಯ ಜೊತೆಗೆ ಕಾಳುಮೆಣಸು, ಏಲಕ್ಕಿ, ಬಾಳೆ, ವೀಳ್ಯದೆಲೆ. ಅಕ್ಕಿ ಕೆಳಗಿನ ಗದ್ದೆಯದು, ಹಾಲು ಮಜ್ಜಿಗೆ ಕೊಟ್ಟಿಗೆಯದು. ಪೇಟೆಯಿಂದ ತರಬೇಕಾದದ್ದು ಉಪ್ಪು, ಬೇಳೆ, ಬೆಳ್ಳುಳ್ಳಿಯಂಥ ಕೆಲವೇ ಸಾಮಾನು. ಹುಳಿಗೆ ಹುಣಸೆಯನ್ನೇ ನೆಚ್ಚಿಕೊಳ್ಳದ ಅಡುಗೆ ಇದು. ಕಾಡಿನ ಹುಳಿಗಳೇ ಐದಾರು ಬಗೆ. ಅಡಿಕೆಯ ಮಾರಾಟಕ್ಕೆ 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಗುರುತು ಸಿಕ್ಕಿತು. ಯಲ್ಲಾಪುರ, ಸಿದ್ದಾಪುರದ ಅಡಿಕೆಯೂ ಅದೇ ಹೆಸರಿನಡಿ ಬರುತ್ತದೆ.

ತೋಟಿಗರಲ್ಲಿ ಹವ್ಯಕರು ಹೆಚ್ಚು, ಹಾಗಾಗಿ ಈ ಸೀಮೆಯ ಊಟ ಎಂದರೆ ಹೊರಗಿನವರ ಮನಸ್ಸಿಗೆ ಬರುವುದು ಹವ್ಯಕರ ಬಾಳೆ ಎಲೆ. ಮನೆಗೆ ಬಂದವರಿಗೆ ಮೊದಲು ಕೈಕಾಲಿಗೆ ನೀರು, ಬಳಿಕ ಆಸರಿಗೆ: ಬೇಸಿಗೆಯಾದರೆ ಮುರುಗಲಿನ ಪಾನಕ ಅಥವಾ ಮಜ್ಜಿಗೆ, ಮಳೆಗಾಲದಲ್ಲಿ ಹಾಲು ಹಾಕಿದ ಕಷಾಯ. ಎಲೆಯ ಮೇಲೆ ಅನ್ನಕ್ಕೆ ಮೊದಲು ಬೀಳುವುದು ತಂಬುಳಿ. ಒಂದೆಲಗವನ್ನೋ ಸಾಂಬಾರ ಸೊಪ್ಪನ್ನೋ ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಡನೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು, ಕುದಿಸುವಂತಿಲ್ಲ. ಆಮೇಲೆ ಸಾರು, ಹುಳಿ, ಪಲ್ಯ, ಸಾಸಿವೆ, ಗೊಜ್ಜು, ಹಪ್ಪಳ. ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಬೇಯಿಸಿ ಹಿಂಡಿದ ಮಾವಿನಕಾಯಿಗೆ ನೀರು, ಉಪ್ಪು, ಸೂಜಿಮೆಣಸು ಹಾಕಿ ಇಂಗಿನ ಒಗ್ಗರಣೆ ಕೊಟ್ಟ ತಿಳಿಯಾದ ಪೇಯ ಅದು. ಕುಡಿದವರಿಗೆ ನಿದ್ದೆ ಗ್ಯಾರಂಟಿ ಎಂಬ ಮಾತು ಈ ಸೀಮೆಯಲ್ಲೆಲ್ಲ ಇದೆ. ಊಟವಾದ ಮೇಲೆ ಜಗುಲಿಯಲ್ಲಿ ಎಲೆಯಡಿಕೆಯ ಕವಳದ ಬಟ್ಟಲು ಹೇಗೂ ಇರುತ್ತದೆ. ಮಧ್ಯಾಹ್ನವೇ ಜಲಪಾತ ನೋಡಿಬರುವ ಅವಸರದವರು ಅಪ್ಪೆಹುಳಿಯ ಎರಡನೆಯ ಲೋಟಕ್ಕೆ ಕೈಚಾಚದಿರುವುದು ಒಳ್ಳೆಯದು.

ಅಪ್ಪೆಯ ಮಿಡಿಗೆ ಇಲ್ಲಿ ಬೇರೆಯೇ ಮರ್ಯಾದೆ. ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವು ಇದು. ಒಂದೊಂದು ಮರದ ಸೊನೆಗೆ ಒಂದೊಂದು ಪರಿಮಳ: ಜೀರಿಗೆಯದು, ಕರ್ಪೂರದ್ದು, ಕಂಚಿಕಾಯಿಯದು. ಅನಂತಭಟ್ಟನ ಅಪ್ಪೆಯಂಥ ಮರಗಳು ಹೆಸರಿನಿಂದಲೇ ಖ್ಯಾತಿ ಪಡೆದು, ಕಸಿ ಗಿಡಗಳಾಗಿ ತೋಟಗಳಿಗೂ ಬಂದಿವೆ. ಮಿಡಿಯನ್ನು ಉದುರಿಸಿ ಆರಿಸುವಂತಿಲ್ಲ, ನೆಲಕ್ಕೆ ಬಿದ್ದ ಪೆಟ್ಟಿಗೆ ಅದು ಕೊಳೆಯುತ್ತದೆ. ಮರ ಹತ್ತಿ ಗೊಂಚಲು ಕೊಯ್ದು, ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಸುತ್ತಾರೆ. ಪರಿಮಳವಿರುವುದು ಸೊನೆಯಲ್ಲಿ, ಅದು ಸೋರಿ ಹೋಗದಂತೆ ತೊಟ್ಟನ್ನು ತುಸು ಉಳಿಸಿಯೇ ಮುರಿಯಬೇಕು. ಮಿಡಿ ಮತ್ತು ಹರಳುಪ್ಪನ್ನು ಪದರಪದರವಾಗಿ ಭರಣಿಗೆ ತುಂಬಿದರೆ ಕೆಲವು ದಿನಗಳಲ್ಲಿ ತಾನಾಗಿ ನೀರೊಡೆದು ಮಿಡಿ ಚಿರುಟುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸು ಅರೆದು ಖಾರ ಕಲೆಸುತ್ತಾರೆ. ಒದ್ದೆ ಕೈ ತಾಗದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ಒಳ್ಳೆಯ ಮರವಿರುವ ಜಾಗವನ್ನು ಹೇಳಲು ಮನೆಯವರು ಈಗಲೂ ಹಿಂದೆಮುಂದೆ ನೋಡುತ್ತಾರೆ. ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆಯನ್ನೇ ಕಡಿದು ಮಿಡಿ ಒಯ್ಯುವವರು ಹುಟ್ಟಿಕೊಂಡಿದ್ದರಿಂದ ಆ ಗುಟ್ಟಿಗೆ ಕಾರಣವೂ ಇದೆ.

ಮಳೆ ಹಿಡಿದ ಮೇಲೆ ಅಡುಗೆಮನೆಯ ದಿಕ್ಕು ಬದಲಾಗುತ್ತದೆ. ಬೇಸಿಗೆಯಲ್ಲೇ ಮಾಡಿಟ್ಟ ಹಲಸಿನ ಹಪ್ಪಳ ಡಬ್ಬಿಯಿಂದ ಹೊರಬರುತ್ತದೆ, ಕೆಂಡದ ಮೇಲೆ ಸುಟ್ಟು ಕಾಯಿಚೂರಿನ ಜೊತೆ ತಿನ್ನುವುದು ರೂಢಿ. ಕೆಸುವಿನ ಎಲೆಯ ಪತ್ರೊಡೆ, ಕರಕಲಿ, ಎಳೆ ಬಿದಿರಿನ ಕಳಲೆ, ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಈ ಕಾಲದವು. ಬೆಳಗಿನ ತಿಂಡಿಗೆ ತೆಳ್ಳೇವು ಎಂಬ ತೆಳು ದೋಸೆ ಮಾತ್ರ ಹನ್ನೆರಡು ತಿಂಗಳೂ ಇದ್ದದ್ದೇ. ಮೊಗೆಕಾಯಿ ಹಾಕಿದರೆ ಅದರದೊಂದು ರುಚಿ, ಸೌತೆಕಾಯಿಯದಾದರೆ ಇನ್ನೊಂದು.

ಸಂಕ್ರಾಂತಿಯ ಆಚೆಈಚೆ ಆಲೆಮನೆ. ಗಾಣದ ಬಳಿ ಕಬ್ಬಿನ ಹಾಲು ಬಂದವರಿಗೆಲ್ಲ ಧಾರಾಳ. ದುಡ್ಡು ಕೇಳುವ ಪದ್ಧತಿ ಹಿಂದೆ ಇರಲಿಲ್ಲ. ಈಗ ಪೇಟೆಗಳಲ್ಲಿ ಆಲೆಮನೆ ಹಬ್ಬಗಳೂ ನಡೆಯುತ್ತವೆ, ಅಲ್ಲಿ ಹಾಲಿನ ಜೊತೆ ಮಿರ್ಚಿ ಭಜಿ, ಮಂಡಕ್ಕಿ ಮಾರುತ್ತಾರೆ. ಸಿಹಿ ಕುಡಿದ ಬಾಯಿಗೆ ಖಾರ ಬೇಕೇ ಬೇಕು ಎಂಬುದನ್ನು ಅಂಗಡಿಯವರು ಸರಿಯಾಗಿಯೇ ಹಿಡಿದಿದ್ದಾರೆ. ಇದೇ ಕಾಲದ ತಿಂಡಿ ತೊಡದೇವು. ಕಾಯಿಸಿದ ಕಬ್ಬಿನ ಹಾಲಿಗೆ ನುಣ್ಣಗೆ ರುಬ್ಬಿದ ಅಕ್ಕಿ ಬೆರೆಸಿ ನೀರಾದ ಹಿಟ್ಟು ಮಾಡುತ್ತಾರೆ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಕೆಳಗೆ ಹದವಾದ ಉರಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿನಲ್ಲಿ ಅದ್ದಿ ಮಡಕೆಯ ಬೆನ್ನಿಗೆ ಒಂದೇ ಬೀಸಿನಲ್ಲಿ ಸವರಬೇಕು, ಮತ್ತೆ ತಿದ್ದಿದರೆ ಹರಿಯುತ್ತದೆ. ಕ್ಷಣದಲ್ಲಿ ಅಂಚು ಏಳುತ್ತದೆ, ತುಪ್ಪ ಸವರಿ ಬಿಸಿಯಿರುವಾಗಲೇ ತ್ರಿಕೋನವಾಗಿ ಮಡಚಿ ತೆಗೆಯುತ್ತಾರೆ. ಆರಿದ ಮೇಲೆ ಮಡಚಲು ಹೋದರೆ ಪುಡಿಪುಡಿ. ಪದರದ ಆಚೆಗೆ ಬೆರಳು ಕಾಣುವಷ್ಟು ತೆಳುವಾಗಿರುವುದೇ ಕೈಗುಣದ ಪರೀಕ್ಷೆ. ಈಗ ಶಿರಸಿ, ಯಲ್ಲಾಪುರದ ಅಂಗಡಿಗಳಲ್ಲಿ ಪೊಟ್ಟಣದ ತೊಡದೇವು ವರ್ಷವಿಡೀ ಸಿಗುತ್ತದೆ, ಹೆಚ್ಚಿನವಕ್ಕೆ ಬೆಲ್ಲವೇ ಆಧಾರ.

ತಾಲೂಕಿನ ಊಟ ಬಾಳೆ ಎಲೆಯಲ್ಲೇ ಮುಗಿಯುವುದಿಲ್ಲ, ಹೊರಗಿನ ಬರಹಗಳು ಅಲ್ಲಿಗೇ ನಿಲ್ಲಿಸುವುದುಂಟು. ಆಫ್ರಿಕಾ ಮೂಲದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲೂಕುಗಳ ಕಾಡಂಚಿನಲ್ಲಿ ಶತಮಾನಗಳಿಂದ ಇದ್ದಾರೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರುಂಟು. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಬೆಟ್ಟದ ಜೇನು, ಗೆಡ್ಡೆಗೆಣಸು, ಹೊಳೆಯ ಮೀನು ಏಡಿ, ಕೆಂಪಿರುವೆಯ ಚಟ್ನಿ ಕಾಡಂಚಿನ ಮನೆಗಳ ಅಡುಗೆಯಲ್ಲಿ ಬರುವಂಥವು. ಇರುವೆಯ ಗೂಡನ್ನು ಮೊಟ್ಟೆಸಮೇತ ತಂದು, ಹುರಿದು, ಮೆಣಸು ಉಪ್ಪಿನೊಡನೆ ಅರೆದ ಈ ಚಟ್ನಿಗೆ ಬೇರೆ ಹುಳಿಯೇ ಬೇಡ. ಶೀತ ಕೆಮ್ಮಿಗೆ ಒಳ್ಳೆಯದೆಂಬ ನಂಬಿಕೆಯೂ ಇದೆ. ಎಮ್ಮೆ ಸಾಕುವ ಗೌಳಿಗರ ದೊಡ್ಡಿಗಳಿಂದ ಪೇಟೆಗೆ ಹಾಲು ಬರುತ್ತದೆ. ಘಟ್ಟದ ಕೆಳಗಿನಿಂದ ಅಂಕೋಲೆಯ ಮೀನಿನ ಗಾಡಿಗಳು ಹತ್ತುತ್ತವೆ, ಹುಬ್ಬಳ್ಳಿ ಕಡೆಯಿಂದ ಜೋಳದ ರೊಟ್ಟಿಯ ಖಾನಾವಳಿಗಳು ಬಂದಿವೆ. ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಒಂದು ಸಂಸಾರ ಬನ್ಸ್ ತಿನ್ನುತ್ತ ಕೂತಿದ್ದರೆ ಪಕ್ಕದ ಹೋಟೆಲಿನಲ್ಲಿ ಬಂಗುಡೆ ಫ್ರೈ ಊಟ ನಡೆದಿರುತ್ತದೆ.

ಚಂದಗುಳಿಗೆ ಬಂದವರ ಮುಂದಿನ ನಿಲ್ದಾಣ ಸಾಮಾನ್ಯವಾಗಿ ಮಾಗೋಡು. ಧಾರವಾಡದ ಕಡೆಯಿಂದ ಹರಿದು ಬರುವ ಬೇಡ್ತಿ ನದಿ ಇಲ್ಲಿ ಸುಮಾರು 200 ಮೀಟರ್ ಆಳದ ಕಣಿವೆಗೆ ಎರಡು ಹಂತವಾಗಿ ಬೀಳುತ್ತದೆ. ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಸಮುದ್ರ ಸೇರುತ್ತದೆ. ನೋಡುವುದು ಎದುರು ದಂಡೆಯ ಕಟ್ಟೆಯಿಂದ, ನೀರಿಗಿಳಿಯುವ ಮಾತೇ ಇಲ್ಲ. ಚಿಕ್ಕಮಕ್ಕಳ ಸಂಸಾರಕ್ಕೆ ಅದೇ ಅನುಕೂಲ. ಹತ್ತಿರದ ಜೇನುಕಲ್ಲು ಗುಡ್ಡದಿಂದ ಅದೇ ಕಣಿವೆಯ ಮೇಲೆ ಸೂರ್ಯಾಸ್ತ ಕಾಣುತ್ತದೆ. ಅದೇ ದಿಕ್ಕಿನ ಕವಡಿಕೆರೆ ವಿಶಾಲವಾದ ಹಳೆಯ ಕೆರೆ, ದಂಡೆಯಲ್ಲಿ ದುರ್ಗಾ ದೇವಸ್ಥಾನವಿದೆ. ಕಟ್ಟಿಕೊಂಡು ಬಂದ ಬುತ್ತಿ ಬಿಚ್ಚಲು ನೆರಳಿರುವ ಜಾಗ. ಬೇಡ್ತಿಯ ಈ ಕಣಿವೆ ಉಳಿದದ್ದು ಸುಮ್ಮನೆ ಅಲ್ಲ. 1970ರ ದಶಕದ ಕೊನೆಯಲ್ಲಿ ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟಿನ ಯೋಜನೆ ಬಂತು. ಮುಳುಗಬೇಕಿದ್ದ ತೋಟ, ಕಾಡುಗಳ ಬೆಲೆಯನ್ನು ಲೆಕ್ಕ ಹಾಕಿಸಿ ತೋಟಿಗರೂ ಅವರ ಸಹಕಾರ ಸಂಘವೂ ವಿರೋಧಿಸಿದ ಮೇಲೆ ಯೋಜನೆ ಕೈಬಿಟ್ಟುಹೋಯಿತು. 1983ರಲ್ಲಿ ಪಕ್ಕದ ಶಿರಸಿ ತಾಲೂಕಿನ ಸಾಲ್ಕಣಿಯಲ್ಲಿ, ಮರ ಕಡಿಯುವುದನ್ನು ತಡೆಯಲು ಅಪ್ಪಿಕೋ ಚಳವಳಿ ಶುರುವಾಯಿತು.

ನೀರಲ್ಲಿ ಆಡಲೇಬೇಕೆಂಬ ಮಕ್ಕಳಿದ್ದರೆ ಸಾತೊಡ್ಡಿ ಜಲಪಾತ. ಯಲ್ಲಾಪುರದಿಂದ ಮೂವತ್ತು ಕಿ.ಮೀ. ಸುಮಾರು, ಎತ್ತರ ಹದಿನೈದು ಮೀಟರ್ ಅಷ್ಟೇ. ಇಲ್ಲಿನ ನೀರು ಕಾಳಿಗೆ ಸೇರುವಂಥದು, ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು ಹತ್ತಿರದಲ್ಲೇ ಇದೆ. ಶಿರಸಿ ಕಡೆ ಹೊರಟವರಿಗೆ ಶಾಲ್ಮಲಾ ಹೊಳೆಯ ಬಂಡೆಗಳಲ್ಲಿ ಕೆತ್ತಿದ ಸಹಸ್ರಲಿಂಗ, ಸೋಂದೆಯ ವಾದಿರಾಜ ಮಠ, ಸ್ವರ್ಣವಲ್ಲಿ ಮಠ ಒಂದೇ ದಿನಕ್ಕೆ ಆಗುತ್ತವೆ. ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂರುವ ಹೊತ್ತನ್ನು ಲೆಕ್ಕಹಾಕಿಯೇ ಹೊರಡುವ ಹಿರಿಯರಿದ್ದಾರೆ. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬೆಯ ಜಾತ್ರೆ; ಆಗ ಬೆಂಡು ಬತ್ತಾಸು, ನಾಟಕ, ತೊಟ್ಟಿಲುಗಳ ಗದ್ದಲಕ್ಕೆ ಸುತ್ತಿನ ತಾಲೂಕುಗಳೆಲ್ಲ ನೆರೆಯುತ್ತವೆ. ಮೂಡಣದ ಮುಂಡಗೋಡದಲ್ಲಿ 1966ರಿಂದ ಟಿಬೆಟಿಯನ್ನರ ವಸಾಹತು ಇದೆ. ದ್ರೆಪುಂಗ್, ಗಾಂದೆನ್ ಮಠಗಳನ್ನು ನೋಡಲು ಹೋದ, ಮಾಂಸ ತಿನ್ನದ ಹವ್ಯಕರ ಮನೆಯ ಮಕ್ಕಳು ಅಲ್ಲಿ ಮೊಮೊ, ಥುಕ್ಪಾ ತಿಂದು ಬರುತ್ತಾರೆ. ಮನೆಯಲ್ಲಿ ಹಿರಿಯರು ಮೊಮೊದ ಒಳಗೆ ಏನು ತುಂಬಿತ್ತೆಂದು ಕೇಳುವುದಿಲ್ಲ.

ತಿರುಗಾಟಕ್ಕೆ ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ: ಜಲಪಾತದಲ್ಲಿ ನೀರೂ ಇರುತ್ತದೆ, ದಾರಿಯೂ ಗಟ್ಟಿಯಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಗೋಡಿನಲ್ಲಿ ಎಷ್ಟೋ ಸಲ ಮಂಜಿನ ಹಿಂದಿನ ಸದ್ದು ಮಾತ್ರ ಸಿಗುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ. 2021ರ ಜುಲೈ ಮಳೆಯಲ್ಲಿ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆ ಹೋದವು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. ಅಂದಿನಿಂದ ಜೋರು ಮಳೆಯ ದಿನಗಳಲ್ಲಿ ಘಟ್ಟದ ದಾರಿ ತೆರೆದಿದೆಯೇ ಎಂದು ಕೇಳಿಕೊಂಡೇ ಜನ ಹೊರಡುತ್ತಾರೆ.

ಹುಬ್ಬಳ್ಳಿಯಿಂದ ಯಲ್ಲಾಪುರ ಎಪ್ಪತ್ತು ಕಿ.ಮೀ. ಆಸುಪಾಸು, ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರಬಹುದು. ಬೆಂಗಳೂರಿನವರಿಗೆ ಒಂದು ರಾತ್ರಿ ಉಳಿಯಬೇಕಾಗುತ್ತದೆ. ಮಕ್ಕಳು ನೌಕರಿಗೆಂದು ಬೆಂಗಳೂರು ಸೇರಿ ಖಾಲಿಯಾದ ತೋಟದ ಮನೆಗಳ ಕೋಣೆಗಳು ಹೋಮ್‌ಸ್ಟೇ ಆಗತೊಡಗಿದ್ದು ಈ ಬೇಡಿಕೆಯಿಂದಲೇ. ಹಳ್ಳಿಯಲ್ಲಿ ಹೋಟೆಲು ನಂಬಿಕೊಂಡು ಬರುವಂತಿಲ್ಲ. ಊಟ ಬೇಕಾದವರು ಹಿಂದಿನ ದಿನವೇ ಫೋನು ಮಾಡಿ ಎಷ್ಟು ಜನ ಎಂದು ತಿಳಿಸಬೇಕು. ಒಂದೆಲಗ ಕೊಯ್ಯುವುದು, ಕಾಯಿ ಸುಲಿಯುವುದು, ಬಾಳೆ ಎಲೆ ಕಡಿಯುವುದು ಆ ಲೆಕ್ಕದ ಮೇಲೆ ನಡೆಯುತ್ತದೆ.